ಹಾಸನದ ನಮ್ಮ ನರ್ಸಿಂಗ್ ಹೋಮ್‌ನ ಸರ್ವರ್‌ಗೆ ರಾನ್ಸಮ್‌ವೇರ್ ಹೊಕ್ಕಿದೆ. ರೋಗಿಗಳ ದಾಖಲೆಗಳನ್ನು ಮರಳಿ ಪಡೆಯುವುದು ಹೇಗೆ?

ದಾಖಲೆಕೋಣೆ_ಹಾಸನ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿರುವ 30 ಹಾಸಿಗೆಗಳ ಒಂದು ನರ್ಸಿಂಗ್ ಹೋಮ್‌ನಲ್ಲಿ ನಾನು 11 ವರ್ಷಗಳಿಂದ ರೋಗಿಗಳ ದಾಖಲೆ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಿನ್ನೆ ಭಾನುವಾರ ಬೆಳಿಗ್ಗೆ ಆರೂವರೆಗೆ ರಾತ್ರಿ ಪಾಳಿಯ ಸಿಸ್ಟರ್ ಫೋನ್ ಮಾಡಿ, ಬಿಲ್ಲಿಂಗ್ ಕೌಂಟರ್‌ನಲ್ಲಿ ಯಾವ ಕಡತವೂ ತೆರೆಯುತ್ತಿಲ್ಲ, ಪರದೆಯ ತುಂಬ ಇಂಗ್ಲಿಷಿನಲ್ಲಿ ಏನೋ ಬರೆದುಕೊಂಡಿದೆ ಎಂದರು. ಹೋಗಿ ನೋಡಿದರೆ ಸರ್ವರ್‌ನಲ್ಲಿದ್ದ ಪ್ರತಿಯೊಂದು ಕಡತದ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳು ಸೇರಿಕೊಂಡಿದ್ದವು. ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಎರಡು ದಿನಗಳೊಳಗೆ ಈ ವಿಳಾಸಕ್ಕೆ ಬರೆದರೆ ಬಿಟ್‌ಕಾಯಿನ್‌ನಲ್ಲಿ ಎಷ್ಟು ಕೊಡಬೇಕೆಂದು ತಿಳಿಸುತ್ತೇವೆ, ತಡವಾದರೆ ಮೊತ್ತ ದುಪ್ಪಟ್ಟಾಗುತ್ತದೆ ಎಂಬುದು ಆ ಬರಹದ ಸಾರಾಂಶ.

ಒಪಿಡಿ ನೋಂದಣಿ, ಒಳರೋಗಿಗಳ ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟ್, ಔಷಧ ಅಂಗಡಿಯ ದಾಸ್ತಾನು, ಎಲ್ಲವೂ ಒಂದೇ ಸಾಫ್ಟ್‌ವೇರ್‌ನಲ್ಲಿ, ಒಂದೇ ಸರ್ವರ್‌ನಲ್ಲಿದ್ದವು. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತು ನಿಜ, ಆದರೆ ಆ ಹಾರ್ಡ್ ಡಿಸ್ಕ್ ಸರ್ವರ್‌ಗೇ ಸದಾ ಜೋಡಿಸಿಕೊಂಡಿದ್ದುದರಿಂದ ಅದಕ್ಕೂ ಬೀಗ ಬಿದ್ದಿದೆ. ನಾಲ್ಕು ತಿಂಗಳ ಹಿಂದೆ ಸರ್ವರ್ ಬದಲಾಯಿಸಿದಾಗ ತೆಗೆದಿಟ್ಟ ಒಂದು ಪ್ರತಿ ಮಾತ್ರ ಹಿರಿಯ ಡಾಕ್ಟರ ಮನೆಯ ಬೀರುವಿನಲ್ಲಿದೆ.

ಇಂದು ಬೆಳಿಗ್ಗೆ ಆಲೂರು ಕಡೆಯಿಂದ ಎಂಟು ತಿಂಗಳ ಗರ್ಭಿಣಿಯೊಬ್ಬರು ಬಂದಿದ್ದರು. ಅವರ ರಕ್ತದೊತ್ತಡ ಎರಡು ತಿಂಗಳಿನಿಂದ ಏರುತ್ತಿದೆ ಎಂಬುದು ನನಗೆ ನೆನಪಿದೆ, ಎಷ್ಟಿತ್ತು ಎಂಬುದು ನೆನಪಿಲ್ಲ, ಮತ್ತು ಅದನ್ನು ಬರೆದಿಟ್ಟಿದ್ದ ಜಾಗ ಈಗ ತೆರೆಯುತ್ತಿಲ್ಲ. ಆ ತಾಯಿಯ ಮುಂದೆ ಕುಳಿತಾಗ ನನಗಾದ ಸಂಕಟವನ್ನು ಹೇಗೆ ಹೇಳಲಿ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕು, ಹಣ ಕೊಡದೆ ದಾಖಲೆಗಳು ಸಿಗುವ ದಾರಿ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಜಾಲನಿರ್ವಾಹಕ_ಚಿಕ್ಕಮಗಳೂರು

ಮೇಡಂ, ಮೊದಲನೆಯದಾಗಿ ಒಂದು ವಿನಂತಿ. ಈ ಉತ್ತರವನ್ನು ಓದಿ ಮುಗಿಸುವವರೆಗೆ ನಿಮ್ಮಲ್ಲಿ ಯಾರೂ ಯಾವ ಯಂತ್ರವನ್ನೂ ಫಾರ್ಮ್ಯಾಟ್ ಮಾಡದಂತೆ ನೋಡಿಕೊಳ್ಳಿ. ಐದು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಕ್ಲಿನಿಕ್‌ನಲ್ಲಿ ಹೀಗೇ ಆದಾಗ, ಮರುದಿನವೇ ಕೆಲಸ ಶುರುವಾಗಬೇಕೆಂಬ ಆತುರದಲ್ಲಿ ನಾನೇ ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆ. ಒಂದೂವರೆ ವರ್ಷದ ನಂತರ ಆ ತಳಿಯ ರಾನ್ಸಮ್‌ವೇರ್‌ಗೆ ಉಚಿತ ಕೀಲಿ ಹೊರಬಂದಾಗ ಅದನ್ನು ಹಾಕಿ ತೆರೆಯಲು ಬೀಗ ಬಿದ್ದ ಕಡತಗಳೇ ನಮ್ಮಲ್ಲಿ ಉಳಿದಿರಲಿಲ್ಲ. ಆ ತಪ್ಪು ನನ್ನದೇ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗಲೇ ಆಗಬೇಕಾದ ಕೆಲಸವೆಂದರೆ ಜಾಲವನ್ನು ಕಡಿಯುವುದು. ಸರ್ವರ್‌ನಿಂದಲೂ ಪ್ರತಿ ಕಂಪ್ಯೂಟರಿನಿಂದಲೂ ಜಾಲದ ಕೇಬಲ್ ಕಿತ್ತು ಹಾಕಿ, ವೈಫೈ ಆರಿಸಿ, ಇಂಟರ್ನೆಟ್ ತರುವ ರೂಟರ್‌ನ ಹೊರಗಿನ ತಂತಿಯನ್ನೂ ತೆಗೆಯಿರಿ; ಆದರೆ ರೂಟರನ್ನು ಮರುಹೊಂದಿಸಬೇಡಿ, ಅದರೊಳಗಿನ ಸೆಟ್ಟಿಂಗ್‌ಗಳು ಮುಂದೆ ಸಾಕ್ಷಿಯಾಗುತ್ತವೆ. ಯಾವುದಾದರೂ ಯಂತ್ರದಲ್ಲಿ ಕಡತಗಳ ಹೆಸರು ಇನ್ನೂ ಬದಲಾಗುತ್ತಲೇ ಇದ್ದು, ಅದರ ಕೇಬಲ್ ಕಿತ್ತರೂ ನಿಲ್ಲದಿದ್ದರೆ ವಿದ್ಯುತ್ತನ್ನೇ ತೆಗೆಯಿರಿ. ಎಲ್ಲವೂ ಮುಗಿದು ನಿಂತಿರುವ ಯಂತ್ರವನ್ನು ಆರಿಸದೆ ಹಾಗೆಯೇ ಬಿಡಿ, ಏಕೆಂದರೆ ಅದರ ಮೆಮೊರಿಯಲ್ಲಿ ದಾಳಿಯ ಕುರುಹುಗಳು ಉಳಿದಿರಬಹುದು. ಪರದೆಯ ಮೇಲಿನ ಬರಹ, ಕಡತದ ಹೆಸರಿನ ಕೊನೆಯ ಅಕ್ಷರಗಳು, ಕಡತಗಳು ಬದಲಾದ ಸಮಯ, ಇವುಗಳ ಫೋಟೋಗಳನ್ನು ಮೊಬೈಲ್‌ನಲ್ಲಿ ತೆಗೆದಿಡಿ. ಬೀರುವಿನಲ್ಲಿರುವ ಹಳೆಯ ಡಿಸ್ಕನ್ನು ಮಾತ್ರ ಯಾವ ಕಾರಣಕ್ಕೂ ಆಸ್ಪತ್ರೆಯ ಕಟ್ಟಡಕ್ಕೆ ತರಬೇಡಿ. ಅದನ್ನು ತೆರೆಯುವುದೇ ಆದರೆ ಈ ಜಾಲವನ್ನು ಎಂದೂ ಮುಟ್ಟಿರದ ಒಂದು ಲ್ಯಾಪ್‌ಟಾಪ್‌ನಲ್ಲಿ, ಮೊದಲು ಅದರ ಇನ್ನೊಂದು ಪ್ರತಿಯನ್ನು ಮಾಡಿಕೊಂಡು, ಆ ಪ್ರತಿಯನ್ನಷ್ಟೇ ತೆರೆಯಬೇಕು.

ವರದಿ ಮಾಡುವುದನ್ನು ಮುಂದೂಡಬೇಡಿ. 2022ರ ಏಪ್ರಿಲ್ 28ರಂದು ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಇಂತಹ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಅವರಿಗೆ ತಿಳಿಸಬೇಕು. ನಿಮ್ಮ ವಿಷಯದಲ್ಲಿ ಆ ಅವಧಿ ದಾಟಿದೆ, ಆದರೂ ಇಂದೇ ತಿಳಿಸುವುದು ನಾಳೆ ತಿಳಿಸುವುದಕ್ಕಿಂತ ಮೇಲು. ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ಮುಂದೆ ರೋಗಿಯೊಬ್ಬರು ದಾಖಲೆ ಕೇಳಿದಾಗ, ಅದು ಏಕೆ ಇಲ್ಲ ಎಂಬುದಕ್ಕೆ ನಿಮ್ಮ ಬಳಿ ಇರುವ ಆಧಾರ ಅದೊಂದೇ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಗಳಲ್ಲಿ ಕೊಡಬೇಕು ಎಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಗಳು ಹೇಳುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನು ಕೀಲಿಯ ವಿಚಾರ. ಸರಿಯಾಗಿ ಬರೆದ ರಾನ್ಸಮ್‌ವೇರ್ ಹಾಕಿದ ಬೀಗವನ್ನು ಯಾವ ಅಂಗಡಿಯವರೂ ಒಡೆಯಲಾರರು. ಹಣ ಕೊಟ್ಟರೆ ನೂರಕ್ಕೆ ನೂರು ತೆರೆದುಕೊಡುತ್ತೇವೆ ಎನ್ನುವವರಲ್ಲಿ ಹಲವರು ತೆರೆಮರೆಯಲ್ಲಿ ದಾಳಿಕೋರರಿಗೇ ಹಣ ಕಟ್ಟಿ ಕೀಲಿ ತರುತ್ತಾರೆ. ಆದರೆ ಕೆಲವು ತಳಿಗಳಿಗೆ ಕೀಲಿ ಈಗಾಗಲೇ ಉಚಿತವಾಗಿ ಸಿಗುತ್ತದೆ. ನೆದರ್ಲೆಂಡ್ಸ್ ಪೊಲೀಸರು, ಯುರೋಪೋಲ್ ಮತ್ತು ಎರಡು ಭದ್ರತಾ ಸಂಸ್ಥೆಗಳು ಸೇರಿ 2016ರಲ್ಲಿ ಆರಂಭಿಸಿದ ನೋ ಮೋರ್ ರಾನ್ಸಮ್ ತಾಣಕ್ಕೆ ಬೀಗ ಬಿದ್ದ ಒಂದೆರಡು ಕಡತಗಳನ್ನೂ ಬೆದರಿಕೆಯ ಬರಹವನ್ನೂ ಕೊಟ್ಟರೆ, ಯಾವ ತಳಿ, ಕೀಲಿ ಇದೆಯೇ ಎಂಬುದನ್ನು ಅದು ಹೇಳುತ್ತದೆ. ಹಾಗೆ ಕೊಡುವಾಗ ರೋಗಿಗಳ ಮಾಹಿತಿ ಇಲ್ಲದ ಕಡತವನ್ನೇ ಆರಿಸಿ. ಗೋಡೆಗೆ ಅಂಟಿಸಲು ಮಾಡಿದ್ದ ಯಾವುದಾದರೂ ಸೂಚನಾ ಫಲಕದ ಕಡತವೂ ಸಾಕು. ಸಣ್ಣ ಸಂಸ್ಥೆಗಳನ್ನು ವರ್ಷಗಟ್ಟಲೆ ಕಾಡಿದ ಫೋಬೋಸ್ ಎಂಬ ತಳಿಗೆ ಬಹುಕಾಲ ಏನೂ ಇರಲಿಲ್ಲ. 2025ರ ಜುಲೈನಲ್ಲಿ ಜಪಾನಿನ ಪೊಲೀಸರು ಅದಕ್ಕೂ ಬಿಡಿಸುವ ಸಾಧನವನ್ನು ಹೊರತಂದರು. ಆದ್ದರಿಂದ ಇಂದು ಕೀಲಿ ಇಲ್ಲವೆಂದಾದರೂ ಬೀಗ ಬಿದ್ದ ಡಿಸ್ಕ್‌ಗಳನ್ನು ಕಳಚಿ, ದಿನಾಂಕ ಬರೆದು, ಹಾಗೆಯೇ ಎತ್ತಿಡಿ. ಹೊಸ ಡಿಸ್ಕ್‌ಗಳ ಬೆಲೆ ಆ ದಾಖಲೆಗಳ ಮುಂದೆ ಏನೂ ಅಲ್ಲ.

ಲೆಕ್ಕಪತ್ರ_ಅರಸೀಕೆರೆ

ಮೇಲಿನ ಸಲಹೆಗಳೆಲ್ಲ ಸರಿ, ಆದರೆ ರೋಗಿಗಳು ಕಾಯುತ್ತಿರುವಾಗ ಕೇಳಿದ ಹಣವನ್ನು ಕೊಟ್ಟು ಮುಗಿಸುವುದೇ ಎಷ್ಟೋ ಸಲ ಕಡಿಮೆ ಖರ್ಚಿನ ದಾರಿ ಎಂದು ನನಗನ್ನಿಸುತ್ತದೆ. 2016ರಲ್ಲಿ ಅಮೆರಿಕದ ಹಾಲಿವುಡ್ ಪ್ರೆಸ್‌ಬಿಟೇರಿಯನ್ ಆಸ್ಪತ್ರೆಯವರು 40 ಬಿಟ್‌ಕಾಯಿನ್, ಅಂದಿನ ಲೆಕ್ಕದಲ್ಲಿ ಸುಮಾರು 17,000 ಡಾಲರ್ ಕೊಟ್ಟು ಕೀಲಿ ಪಡೆದು ಕೆಲಸ ಮುಂದುವರಿಸಿದರು. ಪ್ರಾಣದ ಪ್ರಶ್ನೆ ಇರುವಲ್ಲಿ ತತ್ವವನ್ನೇ ಹಿಡಿದು ಕೂರುವುದು ಸರಿಯೇ?

ಜಾಲನಿರ್ವಾಹಕ_ಚಿಕ್ಕಮಗಳೂರು

ಸರ್, ನಿಮ್ಮ ಮಾತಿನ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ, ಮತ್ತು ಹಣ ಕೊಟ್ಟವರಿಗೆ ಕೀಲಿ ಸಿಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಪ್ರಾಣದ ಪ್ರಶ್ನೆ ಎಂದಿರಲ್ಲ, ಅಲ್ಲಿಯೇ ನನ್ನ ಅಭಿಪ್ರಾಯ ಬೇರೆ. ಕೀಲಿ ಕೈಗೆ ಬಂದ ಗಳಿಗೆಯಲ್ಲೇ ಆಸ್ಪತ್ರೆ ಎದ್ದು ನಿಲ್ಲುವುದಿಲ್ಲ.

ಐರ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎಚ್‌ಎಸ್‌ಇ ಮೇಲೆ 2021ರ ಮೇ 14ರಂದು ಕಾಂಟಿ ಎಂಬ ತಂಡ ದಾಳಿ ಮಾಡಿತು. ಆರು ದಿನಗಳಲ್ಲಿ ಆ ತಂಡವೇ ಕೀಲಿಯನ್ನು ಹಣವಿಲ್ಲದೆ ಕೊಟ್ಟಿತು. ಹಾಗಿದ್ದೂ ಅಲ್ಲಿನ ಸರ್ವರ್‌ಗಳೆಲ್ಲ ಬಿಡುಗಡೆಯಾಗಲು ಸೆಪ್ಟೆಂಬರ್ 21ರವರೆಗೆ, ಅಂದರೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಕೀಲಿಯಿಂದ ಬಿಡಿಸಿದ ಪ್ರತಿಯೊಂದನ್ನೂ ಪರಿಶೀಲಿಸಬೇಕು, ಒಳಗೆ ಉಳಿದ ಕೇಡನ್ನು ತೆಗೆಯಬೇಕು, ಯಂತ್ರಗಳನ್ನು ಹೊಸದಾಗಿ ಕಟ್ಟಬೇಕು. ಹಣ ಕೊಟ್ಟರೂ ಕೊಡದಿದ್ದರೂ ಈ ಕೆಲಸ ತಪ್ಪುವುದಿಲ್ಲ. ಇನ್ನು ಅಮೆರಿಕದಲ್ಲಿ ಆಸ್ಪತ್ರೆಗಳ ವಿಮಾ ಬಿಲ್ಲುಗಳನ್ನು ನಿರ್ವಹಿಸುವ ಚೇಂಜ್ ಹೆಲ್ತ್‌ಕೇರ್ 2024ರಲ್ಲಿ ದಾಳಿಗೆ ಸಿಕ್ಕಿ 2.2 ಕೋಟಿ ಡಾಲರ್ ಕೊಟ್ಟಿತು. ಹಣ ಪಡೆದ ತಂಡ ಮಾಯವಾಯಿತು, ಕದ್ದ ಮಾಹಿತಿ ನಮ್ಮ ಬಳಿ ಇದೆಯೆಂದು ಇನ್ನೊಂದು ತಂಡ ಮತ್ತೆ ಹಣ ಕೇಳಿತು. ಅಲ್ಲಿ ಕಳ್ಳರು ನುಗ್ಗಿದ್ದು ಎರಡನೆಯ ಹಂತದ ಪಾಸ್‌ವರ್ಡ್ ಪರಿಶೀಲನೆ ಇಲ್ಲದಿದ್ದ ದೂರದಿಂದ ಒಳಬರಲು ಇಟ್ಟಿದ್ದ ಒಂದೇ ಒಂದು ದ್ವಾರದಿಂದ.

ಮೇಡಂ, ಆದ್ದರಿಂದ ನಿಮ್ಮ ಗಮನ ಬೆದರಿಕೆಯ ಬರಹದ ಮೇಲಿನ ಗಡುವಿನ ಮೇಲೆ ಬೇಡ. ಅವರು ಯಾವ ಬಾಗಿಲಿನಿಂದ ಬಂದರು ಎಂಬುದನ್ನು ಹುಡುಕಿ. ರೂಟರ್‌ನಲ್ಲಿ ವಿಂಡೋಸ್ ಯಂತ್ರವನ್ನು ದೂರದಿಂದ ನಡೆಸಲು ಬಳಸುವ 3389 ಸಂಖ್ಯೆಯ ಪೋರ್ಟ್ ಹೊರಗಿನವರಿಗೆ ತೆರೆದಿದೆಯೇ ಎಂದು ನೋಡಿ, ಸರ್ವರ್‌ನ ಈವೆಂಟ್ ವ್ಯೂವರ್‌ನಲ್ಲಿ (ಯಂತ್ರದಲ್ಲಿ ನಡೆದದ್ದನ್ನು ತೋರಿಸುವ ವಿಂಡೋಸ್ ಸಾಧನ) 4625 ಮತ್ತು 4624 ಸಂಖ್ಯೆಯ ನಮೂದುಗಳನ್ನು ನೋಡಿ. ಮೊದಲನೆಯದು ವಿಫಲವಾದ ಲಾಗಿನ್, ಎರಡನೆಯದು ಸಫಲವಾದದ್ದು. 1102 ಎಂಬ ನಮೂದು ಕಂಡರೆ ಯಾರೋ ಈ ನಮೂದುಗಳ ಹಳೆಯ ಪಟ್ಟಿಯನ್ನು ಅಳಿಸಿದ್ದಾರೆಂದು ಅರ್ಥ.

ಪ್ರಯೋಗಾಲಯ_ಸಕಲೇಶಪುರ

ನಾನು ಲ್ಯಾಬ್ ಟೆಕ್ನೀಷಿಯನ್. ಕಂಪ್ಯೂಟರ್ ವಿಷಯದಲ್ಲಿ ಹೇಳುವಷ್ಟು ತಿಳಿವಳಿಕೆ ನನಗಿಲ್ಲ, ಆದರೆ ದಾಖಲೆಗಳೆಲ್ಲ ಹೋದವು ಎಂದು ಮೇಡಂ ಬರೆದಿರುವುದನ್ನು ಓದಿ ಸುಮ್ಮನಿರಲಾಗಲಿಲ್ಲ. ಸರ್ವರ್‌ನಲ್ಲಿದ್ದದ್ದು ಹೋಗಿರಬಹುದು, ಆದರೆ ಅದೇ ಮಾಹಿತಿ ಬೇರೆ ಬೇರೆ ಕಡೆ ಚೆದುರಿಕೊಂಡು ಉಳಿದಿರುತ್ತದೆ, ಅದನ್ನು ಕಾಳು ಹೆಕ್ಕಿದಂತೆ ಹೆಕ್ಕಬೇಕು.

ನಿಮ್ಮ ಲ್ಯಾಬ್‌ನ ರಕ್ತಕಣಗಳನ್ನು ಎಣಿಸುವ ಸೆಲ್ ಕೌಂಟರ್ ತನ್ನದೇ ಮೆಮೊರಿಯಲ್ಲಿ ಹಿಂದಿನ ಫಲಿತಾಂಶಗಳನ್ನು ಇಟ್ಟುಕೊಂಡಿರುತ್ತದೆ, ಹಲವು ಮಾದರಿಗಳಲ್ಲಿ ಸಾವಿರಾರು. ಬಯೋಕೆಮಿಸ್ಟ್ರಿ ಯಂತ್ರವೂ ಹಾಗೆಯೇ. ಅದಕ್ಕೆ ಜೋಡಿಸಿದ ಕಂಪ್ಯೂಟರ್ ಕೆಟ್ಟಿದ್ದರೂ ಯಂತ್ರದ ಪರದೆಯಿಂದಲೇ ದಿನಾಂಕವಾರು ತೆಗೆದು ಮುದ್ರಿಸಬಹುದು, ಆದರೆ ಹಳೆಯದು ತುಂಬಿದಂತೆ ಅಳಿಯುತ್ತಾ ಹೋಗುವುದರಿಂದ ಇಂದೇ ಆರಂಭಿಸಬೇಕು. ಅಲ್ಲಿ ರೋಗಿಯ ಹೆಸರಿರದೆ ಸ್ಯಾಂಪಲ್ ಸಂಖ್ಯೆ ಮಾತ್ರ ಇದ್ದರೆ, ಸ್ಯಾಂಪಲ್ ಪಡೆಯುವ ಮೇಜಿನ ಮೇಲಿನ ರಿಜಿಸ್ಟರ್ ಹೊಂದಿಸಿ ನೋಡಿ. ಸ್ಕ್ಯಾನಿಂಗ್ ಯಂತ್ರದ ಒಳಗಿನ ಡಿಸ್ಕ್‌ನಲ್ಲಿ ಚಿತ್ರಗಳಿರುತ್ತವೆ. ಗರ್ಭಿಣಿಯರ ಸ್ಕ್ಯಾನ್‌ಗೆ ಫಾರಂ ಎಫ್ ತುಂಬಿ ಎರಡು ವರ್ಷ ಇಟ್ಟುಕೊಳ್ಳಲೇಬೇಕು, ಹಾಗಾಗಿ ಆ ಕಡತ ನಿಮ್ಮಲ್ಲಿ ಇದ್ದೇ ಇದೆ. ಕೌಂಟರ್‌ನ ಮೊಬೈಲ್‌ನಿಂದ ರೋಗಿಗಳಿಗೆ ವಾಟ್ಸಾಪ್‌ನಲ್ಲಿ ಕಳುಹಿಸಿದ ರಿಪೋರ್ಟ್‌ಗಳು, ಆರೋಗ್ಯ ಕರ್ನಾಟಕ ಯೋಜನೆಯಡಿ ಕ್ಲೇಮ್ ಮಾಡುವಾಗ ಸರ್ಕಾರದ ತಾಣಕ್ಕೆ ಏರಿಸಿದ ಡಿಸ್ಚಾರ್ಜ್ ಸಮ್ಮರಿಗಳು, ಔಷಧದ ಸಗಟು ವ್ಯಾಪಾರಿಗಳ ಬಳಿ ಇರುವ ನಿಮ್ಮ ಖರೀದಿಯ ಬಿಲ್ಲುಗಳು, ಸಾಫ್ಟ್‌ವೇರ್ ಕೊಟ್ಟವರು ರಿಪೇರಿಗೆಂದು ಎಂದಾದರೂ ಒಯ್ದ ಡೇಟಾಬೇಸ್‌ನ ಪ್ರತಿ, ಇವನ್ನೆಲ್ಲ ವಿಚಾರಿಸಿ.

ಒಂದೇ ಒಂದು ವಿಷಯದಲ್ಲಿ ಹಳೆಯ ದಾಖಲೆಯನ್ನಾಗಲಿ ನೆನಪನ್ನಾಗಲಿ ನಂಬಬೇಡಿ, ಅದು ರಕ್ತದ ಗುಂಪು. ರಕ್ತ ಕೊಡಬೇಕಾಗಿ ಬಂದರೆ ಗುಂಪನ್ನು ಹೊಸದಾಗಿ ಪರೀಕ್ಷಿಸಿ, ಕ್ರಾಸ್ ಮ್ಯಾಚ್ (ದಾನಿಯ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಮಾಡಿಯೇ ಕೊಡಬೇಕು. 2024ರ ಜೂನ್‌ನಲ್ಲಿ ಲಂಡನ್ನಿನ ದೊಡ್ಡ ಆಸ್ಪತ್ರೆಗಳಿಗೆ ಪರೀಕ್ಷೆ ಮಾಡಿಕೊಡುತ್ತಿದ್ದ ಸಿನೋವಿಸ್ ಎಂಬ ಲ್ಯಾಬ್ ಸಂಸ್ಥೆಯ ಮೇಲೆ ರಾನ್ಸಮ್‌ವೇರ್ ದಾಳಿಯಾದಾಗ, ರಕ್ತವನ್ನು ಎಂದಿನ ವೇಗದಲ್ಲಿ ಹೊಂದಿಸಲಾಗದೆ ಹೆಚ್ಚಿನವರಿಗೆ ಕೊಡಬಹುದಾದ ಓ ಗುಂಪಿನ ರಕ್ತಕ್ಕೆ ಅಲ್ಲಿ ಸಾರ್ವಜನಿಕ ಕರೆ ಕೊಡಬೇಕಾಯಿತು.

ದಾಖಲೆಕೋಣೆ_ಹಾಸನ

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನಗಳಲ್ಲಿ ಆದದ್ದನ್ನು ತಿಳಿಸುತ್ತೇನೆ. ದೂರು ಕೊಟ್ಟಾಯಿತು, ಸರ್ಟ್-ಇನ್‌ಗೂ ಬರೆದಾಯಿತು. ನಮ್ಮ ತಳಿಗೆ ಸದ್ಯ ಉಚಿತ ಕೀಲಿ ಇಲ್ಲವೆಂದು ತಿಳಿಯಿತು, ಡಿಸ್ಕ್‌ಗಳನ್ನು ಕಳಚಿ ಎತ್ತಿಟ್ಟಿದ್ದೇವೆ. ಹಣ ಕೊಡುವುದಿಲ್ಲವೆಂದು ಡಾಕ್ಟರು ನಿರ್ಧರಿಸಿದ್ದಾರೆ.

ಬಾಗಿಲು ಸಿಕ್ಕಿತು. ಸಾಫ್ಟ್‌ವೇರ್ ತೊಂದರೆ ಬಂದಾಗ ತಮ್ಮ ಕಚೇರಿಯಿಂದಲೇ ಸರಿಪಡಿಸಲೆಂದು ಅದನ್ನು ಮಾರಿದವರು ರೂಟರ್‌ನಲ್ಲಿ 3389 ಪೋರ್ಟನ್ನು ತೆರೆದಿಟ್ಟಿದ್ದರು, ಮತ್ತು ಅದರ ಪಾಸ್‌ವರ್ಡ್ ಯಾರಾದರೂ ಊಹಿಸಬಹುದಾದಷ್ಟು ಸರಳವಾಗಿತ್ತು. ಮೂರು ವಾರಗಳಿಂದ ದಿನಕ್ಕೆ ಸಾವಿರಾರು ವಿಫಲ ಲಾಗಿನ್‌ಗಳು ದಾಖಲಾಗಿವೆ. ಸಫಲವಾದದ್ದು ಮಂಗಳವಾರ ರಾತ್ರಿ, ಬೀಗ ಬಿದ್ದದ್ದು ಶನಿವಾರ ನಡುರಾತ್ರಿ. ನಡುವಿನ ನಾಲ್ಕು ದಿನ ಅವರು ನಮ್ಮೊಳಗೇ ಇದ್ದರು ಎಂದು ತಿಳಿದಾಗ ಮೈ ನಡುಗಿತು. ಆ ದಿನಗಳಲ್ಲಿ ನಾನು ಪ್ರತಿದಿನ ಆ ಸರ್ವರ್‌ನ ಮುಂದೆಯೇ ಕುಳಿತಿದ್ದೆ.

ಹಳೆಯ ಡಿಸ್ಕ್ ತೆರೆದಿದೆ, ನಾಲ್ಕು ತಿಂಗಳ ಹಿಂದಿನವರೆಗಿನ ಎಲ್ಲವೂ ಇದೆ. ಹೊಸ ಸರ್ವರ್‌ನಲ್ಲಿ ಯಾವುದನ್ನು ಮೊದಲು ಹಾಕಬೇಕು? ಅಲ್ಲಿಯವರೆಗೆ ಕಾಗದದಲ್ಲಿ ಬರೆಯುತ್ತಿರುವುದು ಮುಂದೆ ಗೊಂದಲವಾಗದಂತೆ ಏನು ಮಾಡಬೇಕು?

ನಿವೃತ್ತ_ವೈದ್ಯ_ಕೊಪ್ಪ

ಅಮ್ಮಾ, ಕಾಗದದ ವಿಷಯವನ್ನು ನಾನು ಹೇಳುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಮೂರು ಮೂರು ದಿನ ಕರೆಂಟಿಲ್ಲದೆ ಆಸ್ಪತ್ರೆ ನಡೆಸಿದವನು ನಾನು. ಕೈಬರಹದ ಚೀಟಿಗಳಿಗೆ ಹಳೆಯ ಒಪಿ ಸಂಖ್ಯೆಯ ಸಾಲನ್ನು ಮುಂದುವರಿಸಬೇಡಿ. ಬೇರೆ ಅಕ್ಷರದಿಂದ ಆರಂಭವಾಗುವ ಹೊಸ ಸಾಲನ್ನು ಕೊಡಿ, ಇಲ್ಲವಾದರೆ ಮುಂದೆ ಇಬ್ಬರು ರೋಗಿಗಳು ಒಂದೇ ಸಂಖ್ಯೆಯಡಿ ಬರುತ್ತಾರೆ. ಪ್ರತಿ ಚೀಟಿಯಲ್ಲಿ ಹೆಸರಿನ ಜೊತೆ ಊರು, ವಯಸ್ಸು, ತಂದೆಯ ಅಥವಾ ಗಂಡನ ಹೆಸರು ಇರಲಿ, ಏಕೆಂದರೆ ಒಂದೇ ಹೋಬಳಿಯಲ್ಲಿ ಒಂದೇ ಹೆಸರಿನ ಹತ್ತು ಮಂದಿ ಇರುತ್ತಾರೆ. ಯಾವ ಔಷಧ ಒಗ್ಗುವುದಿಲ್ಲ ಎಂಬುದನ್ನು ಪ್ರತಿಯೊಬ್ಬರಿಗೂ ಮತ್ತೆ ಕೇಳಿ, ಕೆಂಪು ಶಾಯಿಯಲ್ಲಿ ಮೇಲ್ಭಾಗದಲ್ಲೇ ಬರೆಯಿರಿ. ದಾಖಲೆ ಇಲ್ಲದ ದಿನಗಳಲ್ಲಿ ನನಗೆ ಅತಿ ಹೆಚ್ಚು ಭಯವಿದ್ದದ್ದು ಇದೊಂದರ ಬಗ್ಗೆ.

ಆಲೂರಿನ ಆ ಹೆಣ್ಣುಮಗಳ ಬಳಿ ತಾಯಿ ಕಾರ್ಡ್ ಇದೆಯೇ ಎಂದು ವಿಚಾರಿಸಿದಿರಾ? ತಿಂಗಳ ತಪಾಸಣೆಯ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್ ಅದರಲ್ಲಿ ಬರೆದಿರಬೇಕು. ಇಲ್ಲವಾದರೆ ಆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಜಾಲನಿರ್ವಾಹಕ_ಚಿಕ್ಕಮಗಳೂರು

ಹೊಸ ಡಿಸ್ಕ್‌ನಲ್ಲಿ, ಮೂಲದಿಂದಲೇ ಹಾಕಿದ ವಿಂಡೋಸ್‌ನಿಂದ ಆರಂಭಿಸಿ, ಎಲ್ಲ ಅಪ್‌ಡೇಟ್‌ಗಳನ್ನು ಮುಗಿಸಿ. ಹಳೆಯ ಸರ್ವರ್‌ನಿಂದ ಯಾವ ಪ್ರೋಗ್ರಾಂ ಕಡತವನ್ನೂ ತರಬೇಡಿ. ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ, ಹಳೆಯದು ಒಂದೂ ಮರಳಿ ಬರಬಾರದು. ವೈಫೈ ಮತ್ತು ರೂಟರ್‌ನ ಪಾಸ್‌ವರ್ಡ್ ಬದಲಾಯಿಸುವುದನ್ನು ಜನ ಮರೆಯುತ್ತಾರೆ. ಆ ಪೋರ್ಟ್ ಮುಚ್ಚಲೇಬೇಕು. ಸಾಫ್ಟ್‌ವೇರ್‌ನವರಿಗೆ ದೂರದಿಂದ ಕೆಲಸ ಮಾಡುವ ಅಗತ್ಯ ಬಂದರೆ ನೀವು ಮುಂದೆ ಕುಳಿತಿರುವಾಗ ಮಾತ್ರ ತೆರೆದು, ಮುಗಿದ ಕೂಡಲೇ ಮುಚ್ಚಿ. ಆಮೇಲೆ ಹಳೆಯ ಡಿಸ್ಕ್‌ನ ಪ್ರತಿಯಿಂದ ಡೇಟಾಬೇಸನ್ನು ಮಾತ್ರ ತನ್ನಿ, ಕಾಗದದ ಕೇಸ್ ಶೀಟ್ ಇರುವ ಇಪ್ಪತ್ತು ರೋಗಿಗಳನ್ನು ಆರಿಸಿ ಎರಡನ್ನೂ ಹೋಲಿಸಿ, ತಾಳೆಯಾದ ಮೇಲೆ ಲ್ಯಾಬ್ ಮತ್ತು ವಾರ್ಡ್‌ನ ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಜೋಡಿಸಿ. ಬಿಲ್ಲಿಂಗ್ ಕೊನೆಗೆ ಬಂದರೂ ನಡೆಯುತ್ತದೆ, ರಸೀದಿ ಪುಸ್ತಕದಲ್ಲಿ ಒಂದು ವಾರ ಬರೆಯಬಹುದು.

ಲ್ಯಾಬ್ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್ ವಿಂಡೋಸ್ 7ರಲ್ಲಿ ಓಡುತ್ತಿದ್ದರೆ, ಅದಕ್ಕೆ 2020ರ ಜನವರಿಯಿಂದಲೇ ಭದ್ರತಾ ಅಪ್‌ಡೇಟ್ ನಿಂತಿದೆ. ಬದಲಾಯಿಸಲು ಆಗದಿದ್ದರೆ ಇಂಟರ್ನೆಟ್ ಇಲ್ಲದ ಬೇರೆ ಜಾಲದಲ್ಲಿಡಿ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ದಾಳಿಯಾಗಿ 5 ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಾಗ, ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದೇ ಅದಕ್ಕೆ ಎಡೆಮಾಡಿತೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ದಾಳಿ ಮುಟ್ಟದಿದ್ದ ಒಂದು ಬ್ಯಾಕಪ್ ಸರ್ವರ್ ಇದ್ದುದರಿಂದ ಅಲ್ಲಿನ ಇ-ಹಾಸ್ಪಿಟಲ್ ಮಾಹಿತಿ ಮರಳಿ ಸಿಕ್ಕಿತು. ನಿಮಗೂ ಎರಡು ಎಕ್ಸ್‌ಟರ್ನಲ್ ಡಿಸ್ಕ್‌ಗಳು ಸಾಕು. ಒಂದು ದಿನ ಒಂದನ್ನು ಜೋಡಿಸಿ ಬ್ಯಾಕಪ್ ಮುಗಿದೊಡನೆ ಕಳಚಿ, ಮರುದಿನ ಇನ್ನೊಂದನ್ನು ಜೋಡಿಸಿ, ಬಿಡುವಿನಲ್ಲಿರುವುದು ಕಟ್ಟಡದಿಂದ ಹೊರಗಿರಲಿ. ತಿಂಗಳಿಗೊಮ್ಮೆ ಅದರಿಂದ ಒಬ್ಬ ರೋಗಿಯ ದಾಖಲೆಯನ್ನು ಬೇರೆ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿ, ತೆರೆದ ದಿನಾಂಕವನ್ನು ಬರೆದಿಡಿ.

ದಾಖಲೆಕೋಣೆ_ಹಾಸನ

ಡಾಕ್ಟರೇ, ತಾಯಿ ಕಾರ್ಡ್ ಇತ್ತು. ಇಂದು ಆಕೆಯ ಅತ್ತೆ ಅದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ತಂದು ಕೊಟ್ಟರು, ಐದು ತಿಂಗಳ ರಕ್ತದೊತ್ತಡವೂ ಸಾಲಾಗಿ ಬರೆದಿದೆ. ಅದನ್ನೆಲ್ಲ ಹೊಸ ಕೇಸ್ ಶೀಟ್‌ಗೆ ಇಳಿಸಿಕೊಂಡು ಮೇಡಂ ಡಾಕ್ಟರಿಗೆ ತೋರಿಸಿದೆವು, ಮಾತ್ರೆಯ ಪ್ರಮಾಣ ಬದಲಾಯಿಸಿ ವಾರಕ್ಕೆರಡು ಸಲ ಬರಹೇಳಿದ್ದಾರೆ. ಸೆಲ್ ಕೌಂಟರ್‌ನಿಂದ ಎರಡು ತಿಂಗಳಿನ ಫಲಿತಾಂಶಗಳು ಸಿಕ್ಕಿವೆ, ನಾಳೆ ಸ್ಯಾಂಪಲ್ ರಿಜಿಸ್ಟರ್ ಹಿಡಿದು ಹೆಸರು ಹೊಂದಿಸಲು ಕುಳಿತುಕೊಳ್ಳುತ್ತೇವೆ.